ಸರ್ಕಲ್ ಬಂದ ಕೂಡಲೇ ಸೈಕಲ್ ದಾರಿ ಎಲ್ಲಿಗೆ ಹೋಗುತ್ತದೆ?

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆ ದಿನಾ ಬೆಳಗ್ಗೆ ಆರು ಗಂಟೆಯೊಳಗೆ ನಮ್ಮ ಮನೆ ಗೇಟಿನೊಳಗೆ ಬಂದು ಬೀಳುತ್ತದೆ. ತರುವ ಹುಡುಗ ಪಿಯುಸಿ ಓದುತ್ತಾನೆ. ಸೈಕಲ್ ಹ್ಯಾಂಡಲ್‌ಗೆ ಒಂದು ಚೀಲ, ಹಿಂದೆ ಕ್ಯಾರಿಯರ್‌ನಲ್ಲಿ ಒಂದು ಕಟ್ಟು. ಮಳೆ ಬಂದರೆ ಅವನಿಗೆ ರೇನ್‌ಕೋಟ್ ಇರಲಿ ಬಿಡಲಿ, ಪೇಪರಿಗೆ ಮಾತ್ರ ಪ್ಲಾಸ್ಟಿಕ್ ಹೊದಿಕೆ ಇದ್ದೇ ಇರುತ್ತದೆ. ಸೈಕಲ್ ಮೇಲೆ ಬರುವ ಪೇಪರಿಗೇ ಸೈಕಲ್ ಬಗ್ಗೆ ಬರೆಯೋಣ ಅಂತ ಕೂತೆ. ಪತ್ರ ಉದ್ದ ಆಗಿದೆ. ಕತ್ತರಿ ಹಾಕುವುದಿದ್ದರೆ ನನ್ನ ಸ್ವಂತ ಕಥೆಗೆ ಹಾಕಿ, ಸರ್ಕಲ್ ಬಗ್ಗೆ ಬರೆದದ್ದನ್ನು ಮಾತ್ರ ಬಿಡಿ.

ನನಗೆ ನಲವತ್ತಾರು ವರ್ಷ. ಶಿವಮೊಗ್ಗದ ವಿದ್ಯಾನಗರದಲ್ಲಿ ಮನೆ, ದುರ್ಗಿಗುಡಿ ಹತ್ತಿರ ಒಬ್ಬರು ಆಡಿಟರ್ ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ. ಎರಡು ವರ್ಷದ ಹಿಂದೆ ಮೊಣಕಾಲು ನೋವು ಅಂತ ಹೋದಾಗ ಡಾಕ್ಟರು, ಮನೆಯಲ್ಲಿ ನಿಂತಲ್ಲೇ ತುಳಿಯುವ ಸೈಕಲ್ ಒಂದು ತಗೊಳ್ಳಿ ಅಂದರು. ನಿಂತಲ್ಲೇ ನಿಲ್ಲುವ ಸೈಕಲ್‌ಗೆ ಅಷ್ಟು ದುಡ್ಡು ಕೊಟ್ಟು ಮೂರನೇ ತಿಂಗಳಿಂದ ಅದರ ಮೇಲೆ ಟವೆಲ್ ಒಣಹಾಕುವ ಬದಲು, ಓಡುವ ಸೈಕಲ್ಲೇ ತಗೊಂಡರೆ ಆಫೀಸಿಗೂ ಹೋಗಬಹುದಲ್ವಾ ಅನಿಸಿತು. ತಗೊಂಡೆ. ಮೂರು ಕಿಲೋಮೀಟರ್ ಚಿಲ್ಲರೆ ದಾರಿ, ಅವಸರ ಮಾಡದೆ ತುಳಿದರೂ ಇಪ್ಪತ್ತು ನಿಮಿಷ. ಸ್ಕೂಟಿಯಲ್ಲಿ ಹೋಗುತ್ತಿದ್ದಾಗ ಗಾಡಿ ನಿಲ್ಲಿಸಲು ಜಾಗ ಹುಡುಕುವುದೂ ಸೇರಿ ಹೆಚ್ಚುಕಡಿಮೆ ಅಷ್ಟೇ ಹಿಡಿಯುತ್ತಿತ್ತು.

ಸೈಕಲ್ ನನಗೆ ಹೊಸದಲ್ಲ. ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲಿ. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. ಅವರ ಸೈಕಲ್‌ನಲ್ಲೇ ನಾನು ಒಳಪೆಡಲ್ ಕಲಿತದ್ದು. ಬಾರ್ ಮೇಲೆ ಕಾಲು ಎತ್ತಿ ಹಾಕಲು ಎತ್ತರ ಸಾಲದು, ಹಾಗಾಗಿ ಕಾಲನ್ನು ತ್ರಿಕೋನದೊಳಗೆ ತೂರಿಸಿ, ಸೊಂಟ ಒಂದು ಕಡೆ, ಸೈಕಲ್ ಇನ್ನೊಂದು ಕಡೆ. ಆ ಕಾಲದ ಮಕ್ಕಳಿಗೆಲ್ಲ ಮೊಣಕಾಲಿನ ಮೇಲೆ ಅದರ ಗುರುತು ಇರಬೇಕು. ಶಿಫ್ಟ್ ಬಿಡುವ ಸೈರನ್ ಕೂಗಿದರೆ ಅಮ್ಮ ಒಲೆ ಮೇಲೆ ಕಾಫಿ ನೀರು ಇಡುತ್ತಿದ್ದರು, ನಾವು ಮಕ್ಕಳು ರಸ್ತೆಗೆ ಓಡುತ್ತಿದ್ದೆವು. ಗೇಟಿನಿಂದ ಸೈಕಲ್‌ಗಳು ಹೊಳೆ ನೀರು ಬಿಟ್ಟ ಹಾಗೆ ಬರುತ್ತಿದ್ದವು. ಬರೀ ಬೆಲ್ ಸದ್ದು, ಚೈನ್ ಸದ್ದು, ಮಾತು. ಲಾರಿಯವನು ಬದಿಗೆ ಹಾಕಿಕೊಂಡು ಬೀಡಿ ಹಚ್ಚಿ ಕಾಯುತ್ತಿದ್ದ, ಬೇರೆ ದಾರಿಯೇ ಇರಲಿಲ್ಲ ಅವನಿಗೆ. ಆಗ ಸೈಕಲ್‌ಗೆ ಬೇರೆ ದಾರಿ ಮಾಡಿಕೊಡಿ ಅಂತ ಯಾರೂ ಅರ್ಜಿ ಬರೆಯಲಿಲ್ಲ. ರಸ್ತೆಯೇ ಸೈಕಲಿನದಾಗಿತ್ತು. ಅಪ್ಪ ರಿಟೈರ್ ಆಗುವ ಹೊತ್ತಿಗೆ ಅದೇ ಗೇಟಿನಲ್ಲಿ ಬೈಕ್ ಸಾಲು ಉದ್ದವಾಗಿತ್ತು, ಸೈಕಲ್ ಸಾಲು ಗಿಡ್ಡ.

ಈಗ ನನ್ನ ದಿನದ ದಾರಿ ಹೇಳುತ್ತೇನೆ. ಮನೆಯಿಂದ ಬಿ.ಎಚ್. ರಸ್ತೆ, ತುಂಗಾ ಸೇತುವೆ, ಅಮೀರ್ ಅಹ್ಮದ್ ಸರ್ಕಲ್, ಅಲ್ಲಿಂದ ನೆಹರೂ ರಸ್ತೆ, ಗೋಪಿ ಸರ್ಕಲ್, ದುರ್ಗಿಗುಡಿ. ಹೊಳೆ ದಾಟುವಾಗ ಆಷಾಢದಲ್ಲಿ ಗಾಳಿ ಪಕ್ಕದಿಂದ ಬಂದು ಸೈಕಲ್ಲನ್ನು ತಳ್ಳುತ್ತದೆ, ಅದೇ ಹೊತ್ತಿಗೆ ಹಿಂದಿನಿಂದ ಭದ್ರಾವತಿ ಬಸ್ಸು ಹಾರ್ನ್ ಹೊಡೆಯುತ್ತದೆ. ಡ್ರೈವರ್‌ಗೂ ಟೈಮ್ ಇದೆ, ಅವರನ್ನು ಬೈಯುವುದಿಲ್ಲ. ಒಂದೇ ಪಟ್ಟಿಯಲ್ಲಿ ಹದಿನಾಲ್ಕು ಟನ್ ಬಸ್ಸನ್ನೂ ಹದಿನೈದು ಕೆ.ಜಿ. ಸೈಕಲ್ಲನ್ನೂ ಓಡಿಸಿ ಅಂತ ನಮ್ಮಿಬ್ಬರನ್ನೂ ಬಿಟ್ಟಿದ್ದಾರಲ್ಲ, ಜಗಳ ಅಲ್ಲಿಂದ ಶುರು.

ನಮ್ಮೂರು 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ರಸ್ತೆಗಳು ಬದಲಾಗಿವೆ, ಫುಟ್‌ಪಾತ್ ಬಂದಿವೆ, ಅದನ್ನೆಲ್ಲ ಇಲ್ಲ ಅನ್ನುವುದಿಲ್ಲ. ಸೈಕಲ್ ದಾರಿಯ ಮಾತೂ ಅಲ್ಲಲ್ಲಿ ಕೇಳುತ್ತದೆ. ಆದರೆ ಸೈಕಲ್ ದಾರಿ ಅಂದರೆ ಏನು ಅಂತ ಮಾಡುವವರ ಮನಸ್ಸಿನಲ್ಲಿ ಇರುವ ಚಿತ್ರವೇ ಬೇರೆ, ತುಳಿಯುವವರಿಗೆ ಬೇಕಾದದ್ದೇ ಬೇರೆ. ಅಗಲವಾದ ನೇರ ರಸ್ತೆ ಇದ್ದಲ್ಲಿ, ಅಂದರೆ ನಮಗೆ ಅಷ್ಟೇನೂ ಹೆದರಿಕೆ ಇಲ್ಲದ ಕಡೆ, ಬದಿಯಲ್ಲಿ ಬಣ್ಣ ಬಳಿದು ಸೈಕಲ್ ಚಿತ್ರ ಬರೆಯುತ್ತಾರೆ. ಊರಿನ ಒಂದು ರಸ್ತೆಯಲ್ಲಿ ಅಂಥದ್ದರ ಮೇಲೆ ಹೋಗಿ ನೋಡಿದೆ, ಯಾವ ರಸ್ತೆ ಅಂತ ಬೇಡ. ಮೊದಲು ಒಂದು ಕಾರು ನಿಂತಿತ್ತು. ಆಮೇಲೆ ಎಳನೀರು ಗಾಡಿ. ಆಮೇಲೆ ಟ್ರಾನ್ಸ್‌ಫಾರ್ಮರ್ ಕಂಬ, ಅದು ಪಾಪ ದಾರಿಗಿಂತ ಮೊದಲೇ ಇತ್ತು. ಆಮೇಲೆ ಸರ್ಕಲ್ ಬಂತು, ಸರ್ಕಲ್‌ಗೆ ಇಪ್ಪತ್ತು ಮೂವತ್ತು ಅಡಿ ಮೊದಲೇ ಬಣ್ಣ ಮುಗಿಯಿತು. ಎಲ್ಲಿ ನನಗೆ ಕೈ ಹಿಡಿದು ದಾಟಿಸುವವರು ಬೇಕೋ ಅಲ್ಲೇ ಕೈ ಬಿಟ್ಟರು.

ನಾನು ಹೇಳಬೇಕಾದದ್ದು ಇಷ್ಟೇ. ಸೈಕಲ್ ದಾರಿಯನ್ನು ಸರ್ಕಲ್‌ನಿಂದ, ಸೇತುವೆಯಿಂದ, ಇಕ್ಕಟ್ಟಿನ ಜಾಗದಿಂದ ಶುರು ಮಾಡಿ. ನೇರ ರಸ್ತೆ ಕೊನೆಗೆ ಮಾಡಿದರೂ ನಡೆಯುತ್ತದೆ. ಮತ್ತೆ, ಮಾಡಿದ್ದು ಒಂದಕ್ಕೊಂದು ಸೇರಲಿ. ಎರಡು ದಡ ಮುಟ್ಟದ ಸೇತುವೆಯನ್ನು ಮುಕ್ಕಾಲು ಸೇತುವೆ ಅಂತ ಯಾರೂ ಲೆಕ್ಕ ಹಿಡಿಯುವುದಿಲ್ಲ, ಸೈಕಲ್ ದಾರಿಯನ್ನು ಮಾತ್ರ ಇಷ್ಟು ಕಿಲೋಮೀಟರ್ ಆಯಿತು ಅಂತ ಲೆಕ್ಕ ಹಿಡಿಯುತ್ತಾರೆ.

ಸೈಕಲ್‌ಗೇ ಪ್ರಸಿದ್ಧವಾದ ನೆದರ್ಲೆಂಡ್ಸ್ ದೇಶದ ಹೆಸರು ತೆಗೆದರೆ ನಮ್ಮ ಆಫೀಸಿನಲ್ಲಿ ನಗುತ್ತಾರೆ, ‘ಅದು ಅಲ್ಲಿ ಮೇಡಂ, ಇಲ್ಲಿ ಆಗಲ್ಲ’ ಅಂತ. ಅಲ್ಲಿಯೂ ಸುಮ್ನೆ ಆದದ್ದಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲೂ ಕಾರಿಗೆ ರಸ್ತೆ ಬಿಟ್ಟುಕೊಟ್ಟರು, ಸೈಕಲ್ ತುಳಿಯುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾದರು. 1971ರ ಒಂದೇ ವರ್ಷ ಅಲ್ಲಿ ರಸ್ತೆಯಲ್ಲಿ 3,000ಕ್ಕೂ ಜಾಸ್ತಿ ಜನ ಸತ್ತರು, ಅದರಲ್ಲಿ 400ಕ್ಕೂ ಜಾಸ್ತಿ ಮಕ್ಕಳು. ಅಪ್ಪ ಅಮ್ಮಂದಿರು ಬೀದಿಗೆ ಬಂದರು, ‘ಮಕ್ಕಳ ಕೊಲೆ ನಿಲ್ಲಿಸಿ’ ಅನ್ನುವುದೇ ಅವರ ಚಳವಳಿಯ ಹೆಸರಾಯಿತು. 1973ರಲ್ಲಿ ಪೆಟ್ರೋಲ್ ಬಿಕ್ಕಟ್ಟೂ ಬಂತು. ಸರ್ಕಾರ ಆಗ ಏನು ಮಾಡಿತು ಅನ್ನುವುದು ನಮಗೆ ಬೇಕಾದ ಪಾಠ. 1970ರ ದಶಕದಲ್ಲಿ ಹೇಗ್ ಮತ್ತು ಟಿಲ್ಬರ್ಗ್ ಅನ್ನುವ ಎರಡು ಊರಲ್ಲಿ ಒಂದೊಂದು ಮಾದರಿ ಸೈಕಲ್ ದಾರಿ ಮಾಡಿದರು. ದುಡ್ಡು ಸುರಿದು, ಚೆನ್ನಾಗಿಯೇ ಮಾಡಿದರು. ಮೊದಲಿಂದ ತುಳಿಯುತ್ತಿದ್ದವರು ಆ ದಾರಿಗೆ ಬಂದರು, ಖುಷಿಯಾದರು. ಹೊಸಬರು ಮಾತ್ರ ಅಂದುಕೊಂಡಷ್ಟು ಬರಲಿಲ್ಲ. ಯಾಕೆ ಬರುತ್ತಾರೆ ಹೇಳಿ? ಮನೆಯಿಂದ ಆ ದಾರಿಯ ತನಕ ಹೋಗುವುದು ಹೇಗೆ, ಆ ದಾರಿ ಮುಗಿದ ಮೇಲೆ ಹೋಗುವುದು ಹೇಗೆ? 1980ರ ದಶಕದಲ್ಲಿ ಡೆಲ್ಫ್ಟ್ ಅನ್ನುವ ಸಣ್ಣ ಊರಲ್ಲಿ ಬೇರೆ ರೀತಿ ಮಾಡಿದರು. ಒಂದು ದೊಡ್ಡ ದಾರಿಯ ಬದಲು ಇಡೀ ಊರಿಗೆ ಬಲೆ ಹೆಣೆದ ಹಾಗೆ, ದೊಡ್ಡದು, ನಡುವಿನದು, ಗಲ್ಲಿಯದು ಎಲ್ಲ ಸೇರಿಸಿ, ಎಲ್ಲಿ ಕೊಂಡಿ ಕಡಿದಿದೆಯೋ ಅಲ್ಲಿ ಒಂದು ಸಣ್ಣ ಸೇತುವೆ, ಒಂದು ಅಂಡರ್‌ಪಾಸ್. ಅಲ್ಲಿ ಸೈಕಲ್ ಹೆಚ್ಚಿತು.

ನೆದರ್ಲೆಂಡ್ಸ್‌ನವರು ನಮ್ಮಂಥವರಲ್ಲ ಅನ್ನುವವರಿಗೆ ಸ್ಪೇನಿನ ಸೆವಿಲ್ ಇದೆ. ಬಿಸಿಲಿನ ಊರು, ಸೈಕಲ್ ತುಳಿಯುವ ಅಭ್ಯಾಸವೇ ಇಲ್ಲದ ಊರು. 2006ರಿಂದೀಚೆಗೆ ಕೆಲವೇ ವರ್ಷದಲ್ಲಿ ಕಾರು ನಿಲ್ಲಿಸುವ ಜಾಗ ತೆಗೆದು, ನಡುವೆ ತಡೆ ಇಟ್ಟು, ಮೊದಲ ಸುತ್ತಿನಲ್ಲೇ ಸುಮಾರು 80 ಕಿಲೋಮೀಟರ್ ದಾರಿಯನ್ನು ಒಂದಕ್ಕೊಂದು ಜೋಡಿಸಿಯೇ ಮುಗಿಸಿದರು. ಜನ ಬಂದರು. ವರ್ಷಕ್ಕೆ ಎರಡೆರಡು ಕಿಲೋಮೀಟರ್ ಮಾಡುತ್ತಾ ಹೋಗಿದ್ದರೆ ಮೊದಲನೇ ತುಂಡಿನಲ್ಲಿ ಯಾರೂ ಬರುವುದಿಲ್ಲ, ‘ನೋಡಿ, ಮಾಡಿಕೊಟ್ಟರೂ ಯಾರೂ ಬಳಸಲ್ಲ’ ಅಂತ ಎರಡನೇ ತುಂಡು ನಿಲ್ಲುತ್ತಿತ್ತು. ನಮ್ಮಲ್ಲಿ ಈ ಮಾತು ಕೇಳಿದ ಹಾಗಿದೆ ಅಲ್ವಾ?

ಸರ್ಕಲ್ ವಿಷಯಕ್ಕೆ ಬರುತ್ತೇನೆ, ಇದನ್ನು ದಯವಿಟ್ಟು ಪೂರ್ತಿ ಹಾಕಿ.

ನಮ್ಮ ದೇಶದಲ್ಲಿ ಗಾಡಿ ಎಡಕ್ಕೆ ಓಡುತ್ತದೆ. ಸೈಕಲ್ ಎಲ್ಲರಿಗಿಂತ ಎಡಕ್ಕೆ ಇರುತ್ತದೆ. ನಾನು ನೇರ ಹೋಗಬೇಕು, ನನ್ನ ಬಲಗಡೆ ಇರುವ ಬಸ್ಸು ಎಡಕ್ಕೆ ತಿರುಗಬೇಕು. ಬಸ್ಸಿನ ಮೂತಿ ನನ್ನನ್ನು ದಾಟಿ ಹೋಗುತ್ತದೆ, ಡ್ರೈವರ್‌ಗೆ ನಾನು ಕಾಣುವುದು ನಿಲ್ಲುತ್ತದೆ, ಬಸ್ಸಿನ ಹೊಟ್ಟೆ ನನ್ನ ಕಡೆ ಸರಿಯುತ್ತದೆ. ಸೈಕಲ್ ತುಳಿಯುವವರಿಗೆ ಸರ್ಕಲ್ ಅಂದರೆ ಈ ಭಯ. ಇದಕ್ಕೆ ಮದ್ದು ಗೊತ್ತಿಲ್ಲದ್ದೇನೂ ಅಲ್ಲ. ಸಿಗ್ನಲ್ ಹತ್ತಿರ ಗಾಡಿಗಳು ನಿಲ್ಲುವ ಗೆರೆಗಿಂತ ನಾಲ್ಕೈದು ಮೀಟರ್ ಮುಂದೆ ಸೈಕಲ್‌ಗೆ ಇನ್ನೊಂದು ಗೆರೆ ಎಳೆಯಿರಿ. ಸೈಕಲ್‌ಗೆ ಹಸಿರು ದೀಪ ನಾಲ್ಕೈದು ಸೆಕೆಂಡ್ ಮೊದಲು ಹತ್ತಲಿ. ನಾವು ಮುಂದೆ ಇದ್ದರೆ ಬಸ್ಸಿನವರ ಕಣ್ಣಿಗೆ ಬೀಳುತ್ತೇವೆ, ಅವರು ಹೊರಡುವಷ್ಟರಲ್ಲಿ ಅರ್ಧ ದಾಟಿರುತ್ತೇವೆ. ಎರಡನೇದು, ತಿರುವಿನ ಮೂಲೆಯನ್ನು ಇಷ್ಟು ದೊಡ್ಡದಾಗಿ, ನುಣ್ಣಗೆ ಬಾಗಿಸಬೇಡಿ. ಮೂಲೆ ಚೂಪಾಗಿದ್ದರೆ ಗಾಡಿ ತಾನಾಗಿ ನಿಧಾನ ಆಗುತ್ತದೆ, ಪೊಲೀಸರು ಸೀಟಿ ಊದಬೇಕಾಗಿಲ್ಲ. ಈಗ ಹೇಗಿದೆ ಅಂದರೆ ತಿರುವು ಅಗಲ ಮಾಡುವುದೇ ಅಭಿವೃದ್ಧಿ ಅಂತಾಗಿದೆ. ಅಗಲ ಮಾಡಿದಷ್ಟೂ ಗಾಡಿ ಜೋರಾಗಿ ತಿರುಗುತ್ತದೆ, ನಡೆದು ದಾಟುವ ಅಜ್ಜಿಗೆ ರಸ್ತೆ ಇನ್ನೂ ಅಗಲವಾಗುತ್ತದೆ. ಅಡ್ಡರಸ್ತೆ ಬಂದಲ್ಲಿ ಸೈಕಲ್ ದಾರಿ ಕೆಳಗಿಳಿದು ಹತ್ತುವ ಬದಲು ಅದೇ ಎತ್ತರದಲ್ಲಿ ಮುಂದೆ ಹೋಗಲಿ, ಕಾರು ಬೇಕಾದರೆ ಉಬ್ಬು ಹತ್ತಿ ಇಳಿಯಲಿ. ಬಸ್ ಸ್ಟಾಪ್ ಬಂದಲ್ಲಿ ಸೈಕಲ್ ದಾರಿ ಸ್ಟಾಪಿನ ಹಿಂದಿನಿಂದ ಬಳಸಿಕೊಂಡು ಹೋಗಲಿ. ಆಗ ಬಸ್ಸು ನಿಲ್ಲಿಸಲು ನನ್ನನ್ನು ಅಡ್ಡಗಟ್ಟಬೇಕಿಲ್ಲ, ನಾನು ಬಸ್ಸನ್ನು ಬಲಗಡೆಯಿಂದ ಹಿಂದೆ ಹಾಕಲು ನಡುರಸ್ತೆಗೆ ಹೋಗಬೇಕಿಲ್ಲ.

ಇದೆಲ್ಲ ವಿದೇಶದ ವಿದ್ಯೆಯೂ ಅಲ್ಲ. ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1962ರಲ್ಲೇ ಸೈಕಲ್ ದಾರಿ ಹೇಗಿರಬೇಕು ಅಂತ ಐಆರ್‌ಸಿ 11 ಅನ್ನುವ ಕೈಪಿಡಿ ತಂದಿತ್ತು, 2015ರಲ್ಲಿ ಅದನ್ನು ಹೊಸದಾಗಿ ಬರೆದಿದೆ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ, ರಸ್ತೆ ಇರುವುದು ಗಾಡಿ ಸಾಗಿಸಲು ಅಲ್ಲ, ಜನ ಸಾಗಲು ಅಂತ ಹೇಳುತ್ತದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಅಂತ ಒಂದು ಸೆಕ್ಷನ್ ಸೇರಿಸಿದರು. ನಿಯಮದ ಪ್ರಕಾರ ರಸ್ತೆ ಮಾಡದೆ ಅದರಿಂದ ಯಾರಾದರೂ ಸತ್ತರೆ ಅಥವಾ ಅಂಗವಿಕಲರಾದರೆ ರಸ್ತೆ ಮಾಡಿದವರಿಗೆ 1 ಲಕ್ಷ ರೂಪಾಯಿ ತನಕ ದಂಡ. ಹೆಲ್ಮೆಟ್ ಹಾಕದವರ ದಂಡ ಎಲ್ಲರಿಗೂ ಬಾಯಿಪಾಠ ಇದೆ, ಈ ದಂಡದ ಬಗ್ಗೆ ಯಾರ ಬಾಯಲ್ಲೂ ಕೇಳಲಿಲ್ಲ.

ಇನ್ನು ನಮ್ಮ ಮಲೆನಾಡಿನ ವಿಷಯ. ಕೈಪಿಡಿಯಲ್ಲಿ ಇರಲಿ ಬಿಡಲಿ, ಇದು ನಮಗೆ ಮಾತ್ರ ಗೊತ್ತಿರುವ ಕಷ್ಟ. ಪಾಚಿ! ಮೃಗಶಿರಾ ಮುಗಿದು ಆರಿದ್ರಾ ಹಿಡಿಯಿತು ಅಂದರೆ ಇಂಟರ್‌ಲಾಕ್ ಕಲ್ಲಿನ ಮೇಲೆ ಹದಿನೈದು ದಿನದಲ್ಲಿ ಹಸಿರು ಬರುತ್ತದೆ. ಅಂಗಳದಲ್ಲಿ ಜಾರಿ ಬೀಳದ ಮಲೆನಾಡಿಗರು ಯಾರಿದ್ದಾರೆ? ಅಡಿಕೆ ಸೋಗೆ ಹಾಸಿಯೋ, ಸುಣ್ಣ ಎರಚಿಯೋ ನಡೆಯುತ್ತೇವೆ. ಹೀಗಿರುವಾಗ ಸೈಕಲ್ ದಾರಿಗೆ ಚೆಂದ ಕಾಣಲಿ ಅಂತ ಇಂಟರ್‌ಲಾಕ್ ಹಾಕಿ, ಅದರ ಮೇಲೆ ಹೊಳೆಯುವ ಬಣ್ಣ ಬಳಿದರೆ ಎರಡು ಚಕ್ರದ ಗತಿ ಏನು? ಸಾದಾ ಡಾಂಬರು ಹಾಕಿ ಸಾಕು. ಒರಟಾಗಿರಲಿ. ಒಂದು ಬದಿಗೆ ಸ್ವಲ್ಪ ಇಳಿಜಾರು ಕೊಡಿ, ನೀರು ಚರಂಡಿಗೆ ಹೋಗಲಿ. ನಮ್ಮಲ್ಲಿ ಎಷ್ಟೋ ಕಡೆ ರಸ್ತೆಯ ನೀರೆಲ್ಲ ಬಂದು ನಿಲ್ಲುವುದು ಎಡ ಬದಿಯಲ್ಲಿ, ಅಂದರೆ ಸೈಕಲ್ ಓಡುವಲ್ಲಿ. ಎರಡು ಇಂಚು ನೀರಿನ ಕೆಳಗೆ ಗುಂಡಿ ಇದೆಯೋ, ಚಪ್ಪಡಿ ಇದೆಯೋ, ಚಪ್ಪಡಿ ಇರಬೇಕಾದ ಜಾಗ ಮಾತ್ರ ಇದೆಯೋ ದೇವರಿಗೇ ಗೊತ್ತು.

ಚರಂಡಿ ಜಾಲರಿ ಇನ್ನೊಂದು. ಕಬ್ಬಿಣದ ಸಲಾಕೆಗಳು ರಸ್ತೆಗೆ ಅಡ್ಡ ಇದ್ದರೆ ಚಕ್ರ ಟಕಟಕ ಅಂತ ದಾಟಿಬಿಡುತ್ತದೆ. ರಸ್ತೆಯ ಉದ್ದಕ್ಕೆ ಇದ್ದರೆ ಸೈಕಲ್ ಟಯರು ಸಂದಿಗೆ ಇಳಿದು ಅಲ್ಲೇ ನಿಲ್ಲುತ್ತದೆ, ಮೇಲಿದ್ದವರು ಮಾತ್ರ ಮುಂದೆ ಹೋಗುತ್ತಾರೆ. ಹೋದ ವರ್ಷ ಜಿಟಿಜಿಟಿ ಮಳೆಯಲ್ಲಿ ನಾನು ಹಾಗೆ ಹೋದೆ. ಎಡಗೈ ಮಣಿಕಟ್ಟು, ಒಂದು ತಿಂಗಳು ಪಟ್ಟಿ. ಎತ್ತಿ ಕೂರಿಸಿದ ಸೊಪ್ಪಿನ ಅಂಗಡಿ ಅಮ್ಮ, ‘ಈ ವಯಸ್ಸಲ್ಲಿ ನಿಂಗ್ಯಾಕವ್ವಾ ಸೈಕಲ್ಲು’ ಅಂದರು. ಆಫೀಸಿನಲ್ಲೂ ಅದೇ ಮಾತು, ಮನೆಯಲ್ಲೂ ಅದೇ ಮಾತು. ಆ ಜಾಲರಿಗೆ ಯಾಕೆ ಬೇಕಿತ್ತು ಈ ದಿಕ್ಕು ಅಂತ ಒಬ್ಬರೂ ಕೇಳಲಿಲ್ಲ. ತಿರುಗಿಸಿ ಹಾಕಲು ವೆಲ್ಡಿಂಗ್‌ನವರಿಗೆ ಅರ್ಧ ದಿನದ ಕೆಲಸ.

ಮಳೆಯಲ್ಲಿ ಯಾರು ಸೈಕಲ್ ತುಳಿಯುತ್ತಾರೆ ಅಂತ ಕೇಳುವವರಿದ್ದಾರೆ. ಒಪ್ಪುತ್ತೇನೆ, ನೆದರ್ಲೆಂಡ್ಸ್‌ನಲ್ಲಿ ಇಡೀ ವರ್ಷ ಬೀಳುವ ಮಳೆ ನಮ್ಮ ಆಗುಂಬೆಯಲ್ಲಿ ಜುಲೈ ಒಂದೇ ತಿಂಗಳಲ್ಲಿ ಬಿದ್ದು ಇನ್ನೂ ಉಳಿಯುತ್ತದೆ. ಆದರೆ ಶಿವಮೊಗ್ಗ ಆಗುಂಬೆ ಅಲ್ಲ. ಮಲೆನಾಡಿನ ಹೆಬ್ಬಾಗಿಲು ಅಂತ ಕರೆಯುತ್ತಾರೆ, ಮಳೆಯೂ ಬಾಗಿಲಲ್ಲಿ ನಿಂತವರ ಮೇಲೆ ಬಿದ್ದಷ್ಟೇ ಬೀಳುತ್ತದೆ. ಎಂಟು ತಿಂಗಳು ಆರಾಮಾಗಿ ತುಳಿಯಬಹುದು. ಉಳಿದ ನಾಲ್ಕು ತಿಂಗಳು ತುಳಿಯುವವರು ತುಳಿಯುತ್ತಲೇ ಇದ್ದಾರೆ. ಪೇಪರ್ ಹುಡುಗ ತುಳಿಯುತ್ತಾನೆ. ಹಾಲಿನವರು ತುಳಿಯುತ್ತಾರೆ. ಗಾರೆ ಕೆಲಸದವರು ಹ್ಯಾಂಡಲ್‌ಗೆ ಬುತ್ತಿ ಸಿಕ್ಕಿಸಿಕೊಂಡು, ಕ್ಯಾರಿಯರ್‌ನಲ್ಲಿ ಕರಣೆ ಮಟ್ಟಗೋಲು ಕಟ್ಟಿಕೊಂಡು ಹೊಳೆ ದಾಟುತ್ತಾರೆ. ರಾತ್ರಿ ಪಾಳಿ ಮುಗಿಸಿದ ವಾಚ್‌ಮನ್‌ಗಳು ಮನೆಗೆ ಹೋಗುವುದು ಸೈಕಲ್‌ನಲ್ಲೇ. ಇವರು ಯಾರ ಲೆಕ್ಕದಲ್ಲೂ ಇಲ್ಲ. ಯಾಕೆಂದರೆ ಗಾಡಿ ಎಣಿಸುವವರು ಬೆಳಗ್ಗೆ ಹತ್ತಕ್ಕೆ ಬಂದು ನಿಲ್ಲುತ್ತಾರೆ, ಅಷ್ಟು ಹೊತ್ತಿಗೆ ಇವರೆಲ್ಲ ಕೆಲಸದ ಜಾಗ ಮುಟ್ಟಿರುತ್ತಾರೆ. ಎಣಿಸುವುದಾದರೆ ಐದೂವರೆಗೆ ಬನ್ನಿ. ಮತ್ತೆ ಸಂಜೆ ಆರಕ್ಕೆ, ಮಾಚೇನಹಳ್ಳಿ ಕಡೆಯಿಂದ ಪಾಳಿ ಮುಗಿಸಿ ಬರುವವರ ಹೊತ್ತಿಗೆ.

ಭಾನುವಾರ ಹೆಲ್ಮೆಟ್ ಹಾಕಿ ಸಕ್ರೆಬೈಲಿಗೋ ಗಾಜನೂರಿಗೋ ಹೋಗಿ ಬರುವ ಗೆಳೆಯರೂ ನಮ್ಮೂರಲ್ಲಿ ಜಾಸ್ತಿ ಆಗಿದ್ದಾರೆ. ಒಳ್ಳೆಯದೇ. ಅವರ ಸೈಕಲ್ ಬೆಲೆ ಕೇಳಿ ನಮ್ಮ ಯಜಮಾನರು, ಇಷ್ಟು ದುಡ್ಡಿಗೆ ಪೆಟ್ರೋಲ್ ಹಾಕುವ ಗಾಡಿಯೇ ಬರುತ್ತಲ್ಲ ಅಂತ ಬೆರಗಾದರು. ಸಭೆ ಕರೆದಾಗ, ಫೋಟೊ ತೆಗೆಸುವಾಗ ಇವರನ್ನು ಕರೆಯುತ್ತಾರೆ. ಗಾರೆ ಕೆಲಸದವರನ್ನೂ ಒಮ್ಮೆ ಕರೆಯಿರಿ. ಭಾನುವಾರದವರಿಗೆ ಬೇಕಾದದ್ದು ಉದ್ದ ದಾರಿ, ದಿನಾ ತುಳಿಯುವವರಿಗೆ ಬೇಕಾದದ್ದು ಹತ್ತಿರದ ದಾರಿ. ಊರು ಸುತ್ತಿಸಿ ಕೆರೆ ಪಕ್ಕ, ಪಾರ್ಕ್ ಪಕ್ಕ ಕರೆದುಕೊಂಡು ಹೋಗುವ ದಾರಿಯಲ್ಲಿ ಬುತ್ತಿ ಕಟ್ಟಿಕೊಂಡವರು ಹೋಗುವುದಿಲ್ಲ, ಅವರಿಗೆ ಎಂಟಕ್ಕೆ ಮೇಸ್ತ್ರಿ ಮುಂದೆ ಇರಬೇಕು.

ಅಗಲದ ಬಗ್ಗೆ ಒಂದು ಮಾತು. ನಾಲ್ಕು ಅಡಿ ಬಿಟ್ಟರೆ ಸಾಕು ಅನ್ನುವವರು ಹಾಲಿನ ಕ್ಯಾನ್ ಎರಡೂ ಕಡೆ ನೇತುಹಾಕಿದ ಸೈಕಲ್ಲನ್ನು ಒಮ್ಮೆ ಅಳೆಯಲಿ. ಅವರನ್ನು ನಾನು ಹಿಂದೆ ಹಾಕಬೇಕು, ನನ್ನನ್ನು ಕಾಲೇಜು ಹುಡುಗ ಹಿಂದೆ ಹಾಕಬೇಕು. ಎರಡು ಮೀಟರ್ ಇಲ್ಲದಿದ್ದರೆ ಅದು ದಾರಿ ಅಲ್ಲ, ಕ್ಯೂ. ನಿಂತ ಕಾರಿನ ಬಾಗಿಲು ತೆಗೆದರೆ ಒಂದು ಮೀಟರ್ ತನಕ ಹೊರಗೆ ಬರುತ್ತದೆ, ಆ ಜಾಗವನ್ನೂ ಬಿಟ್ಟು ಲೆಕ್ಕ ಹಾಕಬೇಕು. ಬರೀ ಬಣ್ಣದ ಗೆರೆ ಬೇಡ, ಕೋಪನ್‌ಹೇಗನ್‌ನಲ್ಲಿ ಮಾಡಿದ ಹಾಗೆ ರಸ್ತೆಗಿಂತ ಸ್ವಲ್ಪ ಎತ್ತರಕ್ಕೆ, ಫುಟ್‌ಪಾತ್‌ಗಿಂತ ಸ್ವಲ್ಪ ತಗ್ಗಿಗೆ, ನಡುವೆ ಒಂದು ಕಲ್ಲಿನ ಅಂಚು. ಗೆರೆಗೆ ಹೆದರಿ ನಿಲ್ಲುವ ಕಾರು ನಮ್ಮೂರಲ್ಲಿ ಇನ್ನೂ ಬಂದಿಲ್ಲ.

ಹಾಗಂತ ಎಲ್ಲ ರಸ್ತೆಗೂ ಬೇರೆ ದಾರಿ ಬೇಕು ಅಂತ ನಾನು ಹೇಳುತ್ತಿಲ್ಲ. ವಿನೋಬನಗರದ, ವಿದ್ಯಾನಗರದ ಒಳರಸ್ತೆಗಳಲ್ಲಿ ಮಕ್ಕಳು ಈಗಲೂ ಸೈಕಲ್ ಕಲಿಯುತ್ತಾರೆ. ಅಲ್ಲಿ ಗಾಡಿ ವೇಗ 30 ದಾಟದ ಹಾಗೆ ನೋಡಿಕೊಂಡರೆ ಸಾಕು. 50ರಲ್ಲಿ ಬಂದು ಹೊಡೆದ ಗಾಡಿಯ ಏಟು 30ರಲ್ಲಿ ಬಂದು ಹೊಡೆದದ್ದಕ್ಕಿಂತ ಎರಡೂವರೆ ಪಟ್ಟಿಗೂ ಜಾಸ್ತಿ, ಇದು ಹೈಸ್ಕೂಲಿನ ಲೆಕ್ಕ, ವೇಗವನ್ನು ವೇಗದಿಂದಲೇ ಗುಣಿಸಿ ನೋಡಿ. ಬೇರೆ ದಾರಿ ಬೇಕಿರುವುದು ಬಿ.ಎಚ್. ರಸ್ತೆ, ಸಾಗರ ರಸ್ತೆ, ಸವಳಂಗ ರಸ್ತೆಯಂಥ ದೊಡ್ಡ ರಸ್ತೆಗಳಿಗೆ, ಮತ್ತೆ ಹೊಳೆ, ರೈಲು ಹಳಿ ದಾಟುವ ಕಡೆ. ಹಳಿ ಅಂದದ್ದಕ್ಕೆ ನೆನಪಾಯಿತು. ನಮ್ಮ ವಿದ್ಯಾನಗರದಲ್ಲಿ ಗುಂಡಗೆ ಸುತ್ತುವ ರೈಲ್ವೆ ಮೇಲ್ಸೇತುವೆ ಬಂದಿದೆ. ನೋಡಲು ಚೆನ್ನಾಗಿದೆ, ನೆಂಟರು ಬಂದರೆ ತೋರಿಸುತ್ತೇವೆ. ಆದರೆ ಮೇಲ್ಸೇತುವೆ ಅಂದರೆ ಸೈಕಲ್‌ನವರಿಗೆ ಏರು. ಆ ಹಳೇ 1962ರ ಕೈಪಿಡಿಯಲ್ಲೇ ಸೈಕಲ್ ದಾರಿಯ ಏರು ಸಾಮಾನ್ಯವಾಗಿ 30 ಅಡಿಗೆ 1 ಅಡಿಗಿಂತ ಕಡಿದಾಗಿರಬಾರದು ಅಂತಿದೆ. ಇನ್ನು ಮುಂದೆ ಎಲ್ಲೇ ಮೇಲ್ಸೇತುವೆ ಕಟ್ಟಲಿ, ಕೆಳಗೆ ಸೈಕಲ್ ಮತ್ತು ನಡೆಯುವವರಿಗೆ ಒಂದು ಅಂಡರ್‌ಪಾಸ್ ಬಿಡಬೇಕು. ಸೈಕಲ್‌ನವರ ತಲೆ ತಾಗದಿದ್ದರೆ ಸಾಕು, ಲಾರಿ ಎತ್ತರ ಬೇಕಿಲ್ಲ. ಮಳೆ ನೀರು ನಿಲ್ಲಬಾರದು, ರಾತ್ರಿ ದೀಪ ಇರಬೇಕು. ದೀಪ ಇಲ್ಲದ ಅಂಡರ್‌ಪಾಸ್‌ನಲ್ಲಿ ಹೆಣ್ಣುಮಕ್ಕಳು ಹೋಗುವುದಿಲ್ಲ, ಹೋಗಿ ಅಂತ ಹೇಳುವ ಧೈರ್ಯ ನನಗೂ ಇಲ್ಲ.

ಏರಿನ ವಿಷಯದಲ್ಲಿ ತೀರ್ಥಹಳ್ಳಿ, ಸಾಗರದವರು ನಗಬಹುದು, ನಿಮ್ಮದೂ ಒಂದು ಏರಾ ಅಂತ. ಅಲ್ಲಿಗೆ ಬ್ಯಾಟರಿ ಸೈಕಲ್ ಸರಿ. ಮೋಟರ್ 250 ವ್ಯಾಟ್ ಒಳಗೆ, ವೇಗ ಗಂಟೆಗೆ 25 ಕಿಲೋಮೀಟರ್ ಒಳಗೆ ಇದ್ದರೆ ರಿಜಿಸ್ಟ್ರೇಷನ್ ಬೇಡ, ಲೈಸೆನ್ಸ್ ಬೇಡ.

ಅಂಗಡಿಯವರ ಹೆದರಿಕೆ ನನಗೆ ಅರ್ಥ ಆಗುತ್ತದೆ. ಬಾಗಿಲ ಮುಂದಿನ ಪಾರ್ಕಿಂಗ್ ಹೋದರೆ ವ್ಯಾಪಾರ ಹೋಗುತ್ತದೆ ಅಂತ. ಆದರೆ ಲೆಕ್ಕದವಳಾಗಿ ಒಂದು ಮಾತು: ಒಂದು ಕಾರು ನಿಲ್ಲುವ ಜಾಗದಲ್ಲಿ ಎಂಟು ಹತ್ತು ಸೈಕಲ್ ನಿಲ್ಲುತ್ತವೆ. ಗಾಂಧಿ ಬಜಾರಿನಲ್ಲಿ ಬೆಳಗ್ಗೆಯಿಂದ ಸಂಜೆ ತನಕ ಬಾಗಿಲಿಗೆ ಅಡ್ಡ ನಿಲ್ಲುವ ಗಾಡಿ ಎಷ್ಟೋ ಸಲ ಗಿರಾಕಿಯದ್ದಲ್ಲ, ಪಕ್ಕದ ಅಂಗಡಿ ಮಾಲೀಕರದ್ದೇ. ಸೈಕಲ್ ಸ್ಟ್ಯಾಂಡ್ ಮಾಡುವುದಾದರೆ ಫ್ರೇಮಿಗೆ ಬೀಗ ಹಾಕುವಂಥ ಕಬ್ಬಿಣದ ಕಮಾನು ಹಾಕಿ. ಮುಂದಿನ ಚಕ್ರ ಮಾತ್ರ ಸಿಕ್ಕಿಸುವ ಸ್ಟ್ಯಾಂಡಿನಲ್ಲಿ ಸಂಜೆ ಬಂದು ನೋಡಿದರೆ ಚಕ್ರ ಮಾತ್ರ ಉಳಿದಿರುತ್ತದೆ.

ಮೈಸೂರಿನಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಅಂತ ಬಾಡಿಗೆ ಸೈಕಲ್ ಶುರುವಾದಾಗ ನಮ್ಮಲ್ಲೂ ಅದೇ ಬೇಕು ಅಂದವರು ತುಂಬಾ ಜನ. ಬರಲಿ, ಬೇಡ ಅನ್ನುವುದಿಲ್ಲ. ಆದರೆ ನಮಗೆ ಸೈಕಲ್ ಇಲ್ಲದ್ದಲ್ಲ ಕಷ್ಟ. 2006ರ ಸುಮಾರಿಗೆ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಪುಕ್ಕಟೆ ಸೈಕಲ್ ಕೊಡಲು ಶುರು ಮಾಡಿತು. ಆಗ ಹಣಕಾಸು ನೋಡಿಕೊಳ್ಳುತ್ತಿದ್ದ ಉಪಮುಖ್ಯಮಂತ್ರಿ ಯಡಿಯೂರಪ್ಪನವರು ನಮ್ಮ ಜಿಲ್ಲೆಯ ಶಿಕಾರಿಪುರದಿಂದ ಗೆದ್ದವರು. ಹಳ್ಳಿ ಹೆಣ್ಣುಮಕ್ಕಳು ಹೈಸ್ಕೂಲಿಗೆ ಸಾಲಾಗಿ ಸೈಕಲ್‌ನಲ್ಲಿ ಹೋಗುವುದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ, ನನಗಂತೂ ಭದ್ರಾವತಿಯ ಶಿಫ್ಟ್ ನೆನಪಾಗುತ್ತಿತ್ತು. ಕೊರೊನಾ ಬಂದಾಗ ಆ ಯೋಜನೆ ನಿಂತಿತು. ಅಷ್ಟು ವರ್ಷ ಸೈಕಲ್ ಕೊಟ್ಟೆವು, ತುಳಿಯಲು ದಾರಿ ಮಾತ್ರ ಕೊಡಲಿಲ್ಲ. ಆ ಸೈಕಲ್‌ಗಳಲ್ಲಿ ಎಷ್ಟೋ ಈಗ ಅಪ್ಪಂದಿರ ಕೈಯಲ್ಲಿ ತೋಟಕ್ಕೆ ಹುಲ್ಲು ತರಲು ಓಡುತ್ತಿವೆ, ಅದೂ ಸರಿಯೇ.

ನನ್ನ ಮಗಳು ಈಗ ಎಂಟನೇ ತರಗತಿ. ಶಾಲೆ ಹೊಳೆಯ ಆ ಕಡೆ. ಅಮ್ಮ, ನೀನು ದಿನಾ ಸೈಕಲ್‌ನಲ್ಲಿ ಹೋಗ್ತೀಯ, ನಾನ್ಯಾಕೆ ಆಟೊದಲ್ಲಿ ಒಂಬತ್ತು ಜನರ ನಡುವೆ ಕೂತು ಹೋಗಬೇಕು ಅಂತ ಕೇಳಿದಳು. ನ್ಯಾಯವಾದ ಪ್ರಶ್ನೆ. ಉತ್ತರ ಕೊಡಲಾಗದೆ ಒಂದು ರಾಜಿ ಮಾಡಿಕೊಂಡೆವು: ಸೇತುವೆ ತನಕ ಮಾತ್ರ. ಸಂಜೆ ಅಲ್ಲಿಯ ತನಕ ಹೋಗಿ, ನೀರು ನೋಡಿ ವಾಪಸ್ ಬರುತ್ತಾಳೆ. ಈ ಊರಲ್ಲಿ ಸೈಕಲ್ ದಾರಿ ಸರಿಯಾಗಿದೆಯಾ ಅಂತ ನೋಡಲು ನನ್ನ ಪರೀಕ್ಷೆ ಅದೊಂದೇ. ಹದಿಮೂರು ವರ್ಷದ ಹುಡುಗಿ ಮನೆಯಿಂದ ಶಾಲೆಗೆ ಹೊಳೆ ದಾಟಿ, ಸರ್ಕಲ್ ದಾಟಿ ಒಬ್ಬಳೇ ಹೋಗಬೇಕು, ಹೋಗಿ ಮುಟ್ಟಿದ್ದಾಳಾ ಅಂತ ಅಮ್ಮ ಫೋನ್ ಹಿಡಿದು ಕೂರಬಾರದು.

ಆದ್ದರಿಂದ ರಸ್ತೆ ಮಾಡುವ ಎಂಜಿನಿಯರುಗಳಲ್ಲಿ ಒಂದು ಕೇಳಿಕೆ. ಮುಂದಿನ ನಕ್ಷೆಗೆ ಸಹಿ ಹಾಕುವ ಮೊದಲು ಒಂದು ದಿನ ನನ್ನ ಜೊತೆ ಬನ್ನಿ. ಬೆಳಗ್ಗೆ ಒಂಬತ್ತೂಕಾಲಿಗೆ ತುಂಗಾ ಸೇತುವೆಯ ವಿದ್ಯಾನಗರದ ಕಡೆ ಇರುತ್ತೇನೆ, ಕೆಂಪು ಸೈಕಲ್, ಮುಂದೆ ಬುಟ್ಟಿ ಇದೆ. ಆಷಾಢದ ಮಳೆ ಹೊಯ್ಯುತ್ತಿರುವ ದಿನ ಬಂದರೆ ಇನ್ನೂ ಒಳ್ಳೆಯದು. ನಿಮಗೊಂದು ಸೈಕಲ್ ನಾನೇ ತರುತ್ತೇನೆ. ಮಗಳದ್ದು, ಸೀಟು ಮಾತ್ರ ಸ್ವಲ್ಪ ಎತ್ತರಿಸಿಕೊಳ್ಳಬೇಕಾಗುತ್ತದೆ.

ಇತಿ,
ನಿಮ್ಮ ಓದುಗರಲ್ಲಿ ಒಬ್ಬಳು
ವಿದ್ಯಾನಗರ, ಶಿವಮೊಗ್ಗ